ಧೂಳು ಎಲ್ಲಿ ಬೀಳುತ್ತೆ? ಮಾಡೆಲ್ ರೈಲಿಗೆ ಸಿಮೆಂಟ್ ಘಟಕ ಕಟ್ಟಿದ ನನ್ನ ಅನುಭವ

ನನ್ನ ಮಾಡೆಲ್ ರೈಲಿನ ಲೇಔಟ್‌ನಲ್ಲಿ (ಪುಟ್ಟ ರೈಲು ಓಡಿಸೋಕೆ ಹಲಗೆಯ ಮೇಲೆ ಕಟ್ಟಿದ ಹಳಿ, ಊರಿನ ಮಾದರಿ) ಮೊದಲು ಕಟ್ಟಿದ ಕಾರ್ಖಾನೆ ನೋಡೋಕೆ ಚೆನ್ನಾಗಿಯೇ ಇತ್ತು. ಇಟ್ಟಿಗೆ ಗೋಡೆ, ಎರಡು ಚಿಮಣಿ, ಸಾಲು ಕಿಟಕಿ. ಪಕ್ಕದಲ್ಲಿ ಒಂದು ಸೈಡಿಂಗ್, ಅಂದರೆ ವ್ಯಾಗನ್ ನಿಲ್ಲಿಸುವ ಪಕ್ಕದ ಹಳಿ, ಎಳೆದು ನಾಲ್ಕು ವ್ಯಾಗನ್ ನಿಲ್ಲಿಸಿದ್ದೆ. ಸಿಮೆಂಟ್ ಕಾರ್ಖಾನೆ ಅಂತ ಬೋರ್ಡ್ ಕೂಡ ಹಾಕಿದ್ದೆ. ನನ್ನ ಗೆಳೆಯನೊಬ್ಬ ನಿಜವಾದ ಸಿಮೆಂಟ್ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ಪಾಳಿ ಕೆಲಸ ಮಾಡಿದವನು. ಒಂದು ದಿನ ಬಂದವನು ಬಗ್ಗಿ ಸ್ವಲ್ಪ ಹೊತ್ತು ನೋಡಿದ. ಆಮೇಲೆ, "ಕ್ಲಿಂಕರ್ ಎಲ್ಲಿ ಇಳಿಸ್ತಾರೆ? ಮೂಟೆ ಎಲ್ಲಿಂದ ವ್ಯಾಗನ್‌ಗೆ ಹತ್ತುತ್ತೆ?" ಅಂತ ಕೇಳಿದ. ಕ್ಲಿಂಕರ್ ಅಂದರೆ ಕುಲುಮೆಯಲ್ಲಿ ಸುಟ್ಟ ಗುಂಡುಗಳು, ಅವನ್ನು ಅರೆದರೇ ಸಿಮೆಂಟ್. ನನ್ನ ಹತ್ತಿರ ಉತ್ತರ ಇರಲಿಲ್ಲ. ವ್ಯಾಗನ್ ನಿಂತ ಕಡೆ ಗೋಡೆಗೆ ಒಂದು ಬಾಗಿಲೂ ಇರಲಿಲ್ಲ. "ಮತ್ತೆ ಧೂಳು ಎಲ್ಲಪ್ಪಾ?" ಅಂದ.

ಆ ಪ್ರಶ್ನೆಯಿಂದಲೇ ಎಲ್ಲವನ್ನೂ ಕಿತ್ತು ಮತ್ತೆ ಕಟ್ಟಿದೆ. ಎರಡನೇ ಸಲ ಮಾಡುವಾಗ ಕಟ್ಟಡದ ಚಿತ್ರಗಳನ್ನು ಹುಡುಕುವ ಮೊದಲು ಒಂದು ಹಾಳೆ ತಗೊಂಡು ಒಳಗೆ ಏನು ಬರುತ್ತೆ, ಹೊರಗೆ ಏನು ಹೋಗುತ್ತೆ, ನಡುವೆ ಅದು ಎಲ್ಲೆಲ್ಲಿ ಚೆಲ್ಲುತ್ತೆ ಅಂತ ಬರೆದುಕೊಂಡೆ.

ಇಡೀ ಸಿಮೆಂಟ್ ಕಾರ್ಖಾನೆ ಮಾಡೋಕೆ ಆಗಲ್ಲ ಅನ್ನೋದು ಲೆಕ್ಕ ಹಾಕಿದ ಕೂಡಲೇ ಗೊತ್ತಾಯಿತು. ನನ್ನದು ಎಚ್‌ಒ ಸ್ಕೇಲ್, ಅಂದರೆ 1:87, ನಿಜವಾದ ಅಳತೆಯ 87ರಲ್ಲಿ ಒಂದು ಭಾಗ. 60 ಮೀಟರ್ ಉದ್ದದ ಕುಲುಮೆ ಈ ಸ್ಕೇಲ್‌ನಲ್ಲಿ 69 ಸೆಂಟಿಮೀಟರ್ ಆಗುತ್ತೆ. ಪಕ್ಕದ, ಕಚ್ಚಾ ಮಾಲನ್ನು ಮೊದಲೇ ಬಿಸಿಮಾಡುವ ಪ್ರೀಹೀಟರ್ ಗೋಪುರ 80 ಮೀಟರ್ ಅಂದುಕೊಂಡರೂ 92 ಸೆಂಟಿಮೀಟರ್ ಎತ್ತರ ಬರುತ್ತೆ. ನನಗಿದ್ದ ಹಲಗೆ 180 ಸೆಂಟಿಮೀಟರ್ ಉದ್ದ, 45 ಸೆಂಟಿಮೀಟರ್ ಅಗಲ. ಎಲ್ಲವನ್ನೂ ಕುಗ್ಗಿಸಿ ತುರುಕಿದರೆ ಆಟಿಕೆಯ ಹಾಗೆ ಕಾಣುತ್ತೆ. ಹಾಗಾಗಿ ಕ್ಲಿಂಕರ್ ಅರೆಯುವ ಘಟಕ ಮಾತ್ರ ಮಾಡೋಣ ಅಂದುಕೊಂಡೆ. ಇಂಥ ಘಟಕಗಳು ನಿಜವಾಗಿ ಇವೆ. ಕುಲುಮೆ ಬೇರೆಲ್ಲೋ ಇರುತ್ತೆ. ಅಲ್ಲಿ ಸುಮಾರು 1450 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟ ಕ್ಲಿಂಕರ್ ಗುಂಡುಗಳು ವ್ಯಾಗನ್‌ನಲ್ಲಿ ಇಲ್ಲಿಗೆ ಬರುತ್ತವೆ. ಅದಕ್ಕೆ ಸ್ವಲ್ಪ ಜಿಪ್ಸಮ್ ಸೇರಿಸಿ ಮಿಲ್ಲಿನಲ್ಲಿ ಅರೆದು, ಸೈಲೊದಲ್ಲಿ, ಅಂದರೆ ಎತ್ತರದ ಶೇಖರಣಾ ಗೋಪುರದಲ್ಲಿ, ತುಂಬಿ, ಮೂಟೆ ಕಟ್ಟಿಯೋ ಬಿಡಿಯಾಗಿಯೋ ಕಳಿಸುತ್ತಾರೆ.

ರೈಲು ಓಡಿಸುವವರಿಗೆ ಇದರಲ್ಲಿ ಇನ್ನೊಂದು ಲಾಭ ಇದೆ. ಕ್ಲಿಂಕರ್ ಬರೋದು ತಳದ ಬಾಗಿಲಿನಿಂದ ಮಾಲು ಸುರಿಯುವ ಹಾಪರ್ ವ್ಯಾಗನ್‌ನಲ್ಲಿ, ಜಿಪ್ಸಮ್ ತೆರೆದ ವ್ಯಾಗನ್‌ನಲ್ಲಿ, ಮೂಟೆ ಹೋಗೋದು ಮುಚ್ಚಿದ ವ್ಯಾಗನ್‌ನಲ್ಲಿ, ಬಿಡಿ ಸಿಮೆಂಟ್ ಟ್ಯಾಂಕ್ ವ್ಯಾಗನ್‌ನಲ್ಲಿ. ಒಂದು ಪುಟ್ಟ ಘಟಕಕ್ಕೆ ನಾಲ್ಕು ಬಗೆಯ ವ್ಯಾಗನ್, ನಾಲ್ಕಕ್ಕೂ ಬೇರೆ ಬೇರೆ ಜಾಗ. ಹಾಪರ್ ಹಳಿಯ ಕೆಳಗಿನ ಗುಂಡಿಯ ಮೇಲೇ ನಿಲ್ಲಬೇಕು. ಟ್ಯಾಂಕ್ ಸೈಲೊದ ಕೊಳವೆಯ ಕೆಳಗೇ ನಿಲ್ಲಬೇಕು. ಸುಮ್ನೆ ಸೈಡಿಂಗ್‌ಗೆ ತಳ್ಳಿ ಬಂದರೆ ಆಗಲ್ಲ. ವ್ಯಾಗನ್ ಜೋಡಿಸಿ, ಬಿಡಿಸಿ, ಜಾಗಕ್ಕೆ ತಳ್ಳುವ ಶಂಟಿಂಗ್‌ಗೆ ಅರ್ಥ ಬರೋದೇ ಇಲ್ಲಿ.

ಮೊದಲು ಎಲ್ಲವನ್ನೂ ರಟ್ಟಿನಲ್ಲಿ ಕಟ್ಟಿ, ಟೇಪ್ ಅಂಟಿಸಿ, ಒಂದು ವಾರ ಹಾಗೇ ಬಿಟ್ಟು ರೈಲು ಓಡಿಸಿದೆ. ಇದನ್ನು ಯಾರೂ ತಪ್ಪಿಸಬಾರದು. ಮಿಲ್ಲಿನ ಕಟ್ಟಡ ನಾನು ಇಟ್ಟ ಜಾಗದಲ್ಲಿದ್ದರೆ ಹಿಂದಿನ, ರೈಲನ್ನು ಬೇರೆ ಹಳಿಗೆ ತಿರುಗಿಸುವ ಪಾಯಿಂಟ್‌ಗೆ ಕೈ ಹೋಗುತ್ತಿರಲಿಲ್ಲ. ತಿರುವಿನಲ್ಲಿ ಉದ್ದದ ವ್ಯಾಗನ್ನಿನ ಹೊಟ್ಟೆ ಒಳಗಡೆಗೆ, ಮೂಲೆಗಳು ಹೊರಗಡೆಗೆ ಚಾಚುತ್ತವೆ. ನನ್ನ ಹತ್ತಿರವಿದ್ದ ಅತಿ ಉದ್ದದ ವ್ಯಾಗನ್ನಿಗೆ ಪೆನ್ಸಿಲ್ ಅಂಟಿಸಿ ನಿಧಾನವಾಗಿ ತಳ್ಳಿದೆ. ಹಲಗೆಯ ಮೇಲೆ ಬಿದ್ದ ಗೆರೆಯೇ ಪ್ಲಾಟ್‌ಫಾರಂನ ಅಂಚು ಎಲ್ಲಿಗೆ ನಿಲ್ಲಬೇಕು ಅಂತ ಹೇಳಿತು.

ಅಳತೆಗೆ ನಾನು ಇಟ್ಟುಕೊಂಡಿದ್ದು ಮೂರೇ ಸಂಖ್ಯೆ. ಮನುಷ್ಯ 20 ಮಿಲಿಮೀಟರ್, ಬಾಗಿಲು 24, ಹಳಿಯ ಮೇಲ್ಮಟ್ಟದಿಂದ ಮೂಟೆ ಹೇರುವ ಪ್ಲಾಟ್‌ಫಾರಂ 14. ಈ ಮೂರು ಸರಿಯಿದ್ದರೆ ಕಟ್ಟಡದ ಉದ್ದ ಅಗಲ ಎಷ್ಟು ಕುಗ್ಗಿಸಿದರೂ ಕಣ್ಣು ಒಪ್ಪುತ್ತೆ. ಬಾಗಿಲೇ ಕುಗ್ಗಿದರೆ ಎಲ್ಲವೂ ಸುಳ್ಳಾಗಿ ಕಾಣುತ್ತೆ.

ಛಾವಣಿಗೆ ಅತಿ ಜಾಸ್ತಿ ಸಮಯ ಹಿಡಿಯಿತು. ಮೇಜಿನ ಮೇಲಿನ ಲೇಔಟ್‌ನಲ್ಲಿ ನಮಗೆ ಹೆಚ್ಚಾಗಿ ಕಾಣೋದು ಗೋಡೆ ಅಲ್ಲ, ಛಾವಣಿ. ಮೊದಲ ಸಲ ಏರಿಳಿತವಿರುವ ಪ್ಲಾಸ್ಟಿಕ್ ಹಾಳೆಯೊಂದನ್ನು ಇಡೀ ಛಾವಣಿಗೆ ಹೊದಿಸಿಬಿಟ್ಟಿದ್ದೆ. ನಿಜವಾದ ಶೀಟಿನ ಛಾವಣಿ ಹಾಗಿರಲ್ಲ ಅಲ್ವಾ? ಶೀಟಿನ ಮೇಲೆ ಶೀಟು ಕೂತಿರುತ್ತೆ, ಕೆಲವು ಸ್ವಲ್ಪ ಎದ್ದಿರುತ್ತವೆ, ಒಂದೆರಡು ಹೊಸದಾಗಿ ಹಾಕಿದ್ದಿರುತ್ತವೆ. ಈ ಸಲ ಅದೇ ಪ್ಲಾಸ್ಟಿಕ್ಕಿನ ತುಂಡನ್ನು ಅಚ್ಚು ಮಾಡಿಕೊಂಡು, ಮೇಲೆ ದಪ್ಪ ಅಲ್ಯೂಮಿನಿಯಂ ಹಾಳೆ ಇಟ್ಟು ಮರದ ಕಡ್ಡಿಯಿಂದ ಉಜ್ಜಿ ಗೆರೆ ಮೂಡಿಸಿದೆ. ಮೂರು ಮೀಟರ್ ಉದ್ದ, ಒಂದು ಮೀಟರಿಗೆ ಸ್ವಲ್ಪ ಕಡಿಮೆ ಅಗಲದ ಶೀಟು ಅಂದರೆ ಸುಮಾರು 35 ಮಿಲಿಮೀಟರ್ ಉದ್ದ, 11 ಅಗಲ. ಅಷ್ಟಷ್ಟೇ ಕತ್ತರಿಸಿ ಕೆಳಗಿನ ಸಾಲಿನಿಂದ ಶುರು ಮಾಡಿ ಮೇಲಕ್ಕೆ ಒಂದರ ಮೇಲೊಂದು ಸ್ವಲ್ಪ ಹತ್ತುವಂತೆ ಅಂಟಿಸಿದೆ. ಮಳೆ ನೀರು ಒಳಗೆ ಹೋಗದ ಹಾಗೆ ಹೊದಿಸುವ ಕ್ರಮವೇ ಅದು. ಸುಮಾರು 160 ತುಂಡು. ಬೇಸರ ಆಗಲಿಲ್ಲ, ಪ್ರತಿ ಸಾಲು ಮುಗಿದಾಗಲೂ ಛಾವಣಿ ಇನ್ನಷ್ಟು ನಿಜ ಆಗುತ್ತಾ ಹೋಯಿತು.

ಸೈಲೊಗಳಿಗೆ 75 ಮಿಲಿಮೀಟರ್ ಪಿವಿಸಿ ಪೈಪ್ ಸಾಕಾಯಿತು. ಅದು ಆರೂವರೆ ಮೀಟರ್ ಅಗಲದ ಸೈಲೊ ಆಗುತ್ತೆ. ಪೈಪಿನ ಮೇಲಿನ ಅಕ್ಷರ ಹೋಗುವ ತನಕ ಉಪ್ಪುಕಾಗದ ಉಜ್ಜಬೇಕು, ಆಗ ಬಣ್ಣವೂ ಹಿಡಿಯುತ್ತೆ. ಉಜ್ಜುವಾಗ ಮೂಗಿಗೆ ಮಾಸ್ಕ್ ಇರಲಿ. ಹಂತ ಹಂತವಾಗಿ ಕಾಂಕ್ರೀಟ್ ಹಾಕಿದ ಹಾಗೆ ಕಾಣಲಿ ಅಂತ 14 ಮಿಲಿಮೀಟರ್‌ಗೊಂದು ತೆಳುವಾದ ಪೆನ್ಸಿಲ್ ಗೆರೆ ಸುತ್ತಲೂ ಎಳೆದೆ, ಅಷ್ಟೇ.

ನೆಲದ ಕೆಲಸದಲ್ಲಿ ಒಂದು ತಪ್ಪು ಮಾಡಿದೆ. ಕಾರ್ಖಾನೆ ಅಂಗಳದಲ್ಲಿ ಹಳಿ ನೆಲದೊಳಗೆ ಹೂತಿರುತ್ತೆ, ಲಾರಿ ಅದರ ಮೇಲೇ ದಾಟುತ್ತೆ. ಅದಕ್ಕಾಗಿ ಹಳಿಗಳ ನಡುವೆ ಪ್ಲಾಸ್ಟರ್ ತುಂಬಿದೆ. ಒದ್ದೆ ಇದ್ದಾಗ ಹಳಿಯ ಮಟ್ಟಕ್ಕೆ ಸರಿಯಾಗಿ ಕಂಡಿತು. ಮರುದಿನ ಲೋಕೋ (ಎಂಜಿನ್) ಅಲ್ಲಿಗೆ ಬರುತ್ತಿದ್ದ ಹಾಗೆ ಗಕ್ಕನೆ ನಿಂತಿತು. ಕಣ್ಣು ಹಳಿಯ ಮಟ್ಟಕ್ಕೆ ತಂದು ನೋಡಿದರೆ ಪ್ಲಾಸ್ಟರ್ ಕೂದಲೆಳೆಯಷ್ಟು ಉಬ್ಬಿತ್ತು. ಲೋಕೋದ ಹೊಟ್ಟೆ ಅದರ ಮೇಲೆ ಕೂತು, ಚಕ್ರ ಹಳಿಯಿಂದ ಎದ್ದು, ಹಳಿಯಿಂದ ಬರುವ ಕರೆಂಟ್ ತಪ್ಪಿಹೋಗಿತ್ತು. ಎಲ್ಲವನ್ನೂ ಕೆರೆದು ಅರ್ಧ ಮಿಲಿಮೀಟರ್ ತಗ್ಗಿಸಿದೆ. ಚಕ್ರದ ಅಂಚು ಓಡೋಕೆ ಹಳಿಯ ಒಳಪಕ್ಕದಲ್ಲಿ ಒಂದೂವರೆ ಮಿಲಿಮೀಟರ್ ಸಂದು ಬಿಟ್ಟೆ. ತಗ್ಗಿಸಿದ್ದು ಹಳಿ ಒರೆಸುವಾಗಲೂ ಒಳ್ಳೆಯದು, ಇಲ್ಲದಿದ್ದರೆ ಒರೆಸಿದಾಗಲೆಲ್ಲಾ ನೆಲದ ಬಣ್ಣ ಕಿತ್ತು ಬರುತ್ತೆ.

ಉಳಿದ ಕಡೆ ಜರಡಿ ಹಿಡಿದ ನುಣುಪು ಮರಳು ಮತ್ತು ಜಲ್ಲಿ ಹಾಕಿದೆ. ಹಾಕುವ ಮುಂಚೆ ಮರಳಿನಲ್ಲಿ ಆಯಸ್ಕಾಂತ ಆಡಿಸಿ ನೋಡಿ. ನನ್ನ ಮರಳಿನಲ್ಲಿ ಕಪ್ಪು ಕಬ್ಬಿಣದ ಕಣ ಬೇಕಾದಷ್ಟಿತ್ತು. ಅದು ಲೋಕೋದ ಮೋಟಾರಿಗೆ ಹೋದರೆ ಕಷ್ಟ. ಅಂಟಿಸೋಕೆ ಬಿಳಿ ಅಂಟಿಗೆ ಅಷ್ಟೇ ನೀರು ಬೆರೆಸಿದೆ. ಆದರೆ ಅದಕ್ಕೂ ಮೊದಲು ಮರಳನ್ನು ಎರಡು ಹನಿ ಸೋಪು ಹಾಕಿದ ನೀರಿನ ತುಂತುರಿನಿಂದ ನೆನೆಸಬೇಕು. ಇಲ್ಲದಿದ್ದರೆ ಅಂಟಿನ ಹನಿ ಒಳಗೆ ಇಳಿಯದೆ ಗೋಲಿಯ ಹಾಗೆ ಉರುಳಿ ಗುಂಡಿ ಮಾಡುತ್ತೆ. ಪಾಯಿಂಟ್‌ನ ಚಲಿಸುವ ಹಳಿಯ ಹತ್ತಿರ ಮಾತ್ರ ಅಂಟು ಸುರಿಯಲೇಬೇಡಿ, ಕುಂಚದ ತುದಿಯಲ್ಲಿ ತಗೊಂಡು ತಾಗಿಸಿ.

ಇನ್ನು ಧೂಳು. ಗೆಳೆಯನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಣ್ಣ ಹಚ್ಚದ ಮಾದರಿಯ ಮೇಲೆ ಪೆನ್ಸಿಲ್‌ನಲ್ಲಿ ಗುರುತು ಹಾಕಿಸಿಕೊಂಡೆ. ಒಂದು ಕನ್ವೇಯರ್‌ನಿಂದ ಇನ್ನೊಂದಕ್ಕೆ ಮಾಲು ಬೀಳುವ ಜಾಗದ ಕೆಳಗೆ ರಾಶಿ. ಸೈಲೊದ ನೆತ್ತಿಯಲ್ಲಿ, ಅಲ್ಲಿಂದ ಕೆಳಕ್ಕೆ ಉದ್ದುದ್ದ ಪಟ್ಟೆ. ಮೂಟೆ ಕಟ್ಟುವ ಕಡೆ ಎಲ್ಲಕ್ಕಿಂತ ಜಾಸ್ತಿ, ಬಾಗಿಲಿನ ಚೌಕಟ್ಟಿನ ಮೇಲೂ ಕೂತಿರುತ್ತೆ. ಲಾರಿ ಚಕ್ರ ಓಡುವ ಎರಡು ಪಟ್ಟೆಗಳಲ್ಲಿ ಕಡಿಮೆ, ಅದರ ನಡುವೆ ಮತ್ತು ಅಂಚಿನಲ್ಲಿ ದಪ್ಪ. ಜನ ದಿನಾ ಹತ್ತುವ ಮೆಟ್ಟಿಲಿನ ನಡುಭಾಗ ಉಜ್ಜಿ ಹೊಳೆಯುತ್ತೆ, ಎರಡು ಪಕ್ಕ ಬೂದು. ಲೋಕೋ ಕಾದು ನಿಲ್ಲುವ ಕಡೆ ಹಳಿಗಳ ನಡುವೆ ಎಣ್ಣೆಯ ಕಪ್ಪು. ಹುಲ್ಲು ಇದ್ದರೆ ಚಕ್ರ ಹೋಗದ ಗೋಡೆ ಬುಡದಲ್ಲಿ ಮಾತ್ರ, ಅದೂ ಹಸಿರಾಗಿರಲ್ಲ.

ಆಮೇಲೆ ಅವನು ಹೇಳಿದ ಒಂದು ಮಾತು ನನಗೆ ಹೊಳೆದೇ ಇರಲಿಲ್ಲ. ಸಿಮೆಂಟ್ ಧೂಳು ಕಲ್ಲಿದ್ದಲ ಧೂಳಿನ ಹಾಗಲ್ಲ. ಮಳೆ ಬಂದರೆ ತೊಳೆದು ಹೋಗಲ್ಲ, ಗಟ್ಟಿಯಾಗುತ್ತೆ. ಶೀಟಿನ ತಗ್ಗುಗಳಲ್ಲಿ, ನೀರು ಇಳಿಯುವ ಅಂಚಿನಲ್ಲಿ ಪದರ ಪದರವಾಗಿ ಕಟ್ಟಿ, ಭಾರ ಜಾಸ್ತಿ ಆದಾಗ ಅಲ್ಲಲ್ಲಿ ಚಕ್ಕೆ ಎದ್ದು ಬೀಳುತ್ತೆ. ಬಿದ್ದ ಕಡೆ ಹಳೆಯ ಶೀಟು ಕಾಣುತ್ತೆ. ಇದನ್ನು ಮಾಡೋಕೆ ಬೂದುಬಿಳಿ ಚಾಕ್ ಪುಡಿಯನ್ನು ಬಿಳಿ ಅಂಟಿನಲ್ಲಿ ಗಟ್ಟಿಯಾಗಿ ಕಲೆಸಿ, ಹಳೆಯ ಕುಂಚದಿಂದ ತಗ್ಗುಗಳಲ್ಲಿ ಚುಚ್ಚಿ ಚುಚ್ಚಿ ಇಟ್ಟೆ. ಒಣಗಿದ ಮೇಲೆ ಸೂಜಿಯಿಂದ ಅಂಚಿನ ಚೂರುಗಳನ್ನು ಎಬ್ಬಿಸಿದೆ. ನಿಜವಾದ ಸಿಮೆಂಟನ್ನೇ ಉದುರಿಸಬಹುದಲ್ಲ ಅನ್ನಿಸಬಹುದು. ಬೇಡ. ಅದು ಕ್ಷಾರ, ಕೈಗೂ ಶ್ವಾಸಕೋಶಕ್ಕೂ ಒಳ್ಳೆಯದಲ್ಲ, ತೇವ ಕಂಡರೆ ಬೇಡದ ಕಡೆಯೆಲ್ಲಾ ಗಟ್ಟಿಯಾಗುತ್ತೆ.

ಗೋಡೆಗಳಿಗೆ ಮೊದಲು ಹೊಳಪಿಲ್ಲದ (ಮ್ಯಾಟ್) ವಾರ್ನಿಶ್ ಹೊಡೆದು, ಅದರ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್‌ಗೆ ಕೆಲವು ಹನಿ ಕಪ್ಪು ಶಾಯಿ ಬೆರೆಸಿದ ತೆಳುಬಣ್ಣ ಹರಿಸಿದೆ. ಇಟ್ಟಿಗೆಯ ಸಂದುಗಳಿಗೆ ಅದು ತಾನಾಗಿ ಇಳಿಯುತ್ತೆ. ಒಣಗಿದ ಮೇಲೆ ನೋಡಿದರೆ ಗೋಡೆಯ ಮೇಲೆಲ್ಲಾ ಬಿಳಿ ಮಬ್ಬು. ಎದೆ ಧಸಕ್ಕೆಂದಿತು. ಆಲ್ಕೋಹಾಲ್ ಮತ್ತು ಆ ಜಾತಿಯ ವಾರ್ನಿಶ್ ಸೇರಿದರೆ ಹೀಗಾಗುತ್ತೆ, ಇನ್ನೊಂದು ಕೈ ವಾರ್ನಿಶ್ ಹೊಡೆದರೆ ಮಬ್ಬು ಹೋಗುತ್ತೆ. ಆದರೆ ಸ್ವಲ್ಪ ದೂರ ನಿಂತು ನೋಡಿದಾಗ ಅದು ಸಿಮೆಂಟ್ ಧೂಳು ಕೂತ ಗೋಡೆಯೇ ಆಗಿತ್ತು. ಮೂಟೆ ಕಟ್ಟುವ ಕಡೆಯ ಗೋಡೆಯನ್ನು ಹಾಗೇ ಬಿಟ್ಟೆ, ಕಚೇರಿ ಕಡೆಯ ಗೋಡೆಗೆ ಮಾತ್ರ ಮತ್ತೆ ವಾರ್ನಿಶ್ ಹೊಡೆದೆ. ಒಂದೇ ಕಟ್ಟಡದ ಎರಡು ಪಕ್ಕ ಬೇರೆ ಬೇರೆ ಕಾಣೋಕೆ ಶುರುವಾದದ್ದು ಆಗ. ಕೊನೆಯಲ್ಲಿ ಚಾಕ್ ಪುಡಿಯನ್ನು ಒಣ ಕುಂಚದಿಂದ ಮೇಲಿನಿಂದ ಕೆಳಕ್ಕೆ ಎಳೆದೆ. ಅದರ ಮೇಲೆ ವಾರ್ನಿಶ್ ಹೊಡೆದರೆ ಅರ್ಧಕ್ಕರ್ಧ ಪುಡಿ ಮಾಯ ಆಗುತ್ತೆ, ಹಾಗಾಗಿ ಕೈ ತಾಗದ ಕಡೆ ಹೊಡೆಯಲೇ ಇಲ್ಲ. ಇನ್ನೊಂದು ಮಾತು: ಬಣ್ಣವನ್ನು ಲೇಔಟ್‌ನ ಮೇಲಿನ ದೀಪದಲ್ಲೇ ಹಚ್ಚಿ. ಬೇರೆ ದೀಪದಲ್ಲಿ ಸರಿ ಕಂಡ ಬೂದು ಇಲ್ಲಿಗೆ ತಂದಾಗ ನೀಲಿ ಹೊಡೆಯುತ್ತೆ.

ಈ ಹವ್ಯಾಸದಲ್ಲಿ ಬಹಳ ಜನ ಮಾದರಿಗಳನ್ನು ಹೊಳೆಹೊಳೆಯುವ ಹಾಗೆ ಇಟ್ಟುಕೊಳ್ಳುತ್ತಿದ್ದ ಕಾಲದಲ್ಲೇ ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ಜಾನ್ ಅಲೆನ್ ಎಂಬ ಮಾಡೆಲ್ ರೈಲು ಹವ್ಯಾಸಿ ತಮ್ಮ ಗೋರಿ ಅಂಡ್ ಡಿಫೀಟೆಡ್ ಎಂಬ ಹೆಸರಿನ ಲೇಔಟ್‌ನಲ್ಲಿ ಮಸಿ, ತುಕ್ಕು, ಸವೆತ ಎಲ್ಲವನ್ನೂ ತೋರಿಸಿದ್ದರು. 1973ರಲ್ಲಿ ಅವರು ತೀರಿಕೊಂಡ ಕೆಲವೇ ದಿನಗಳಲ್ಲಿ ಬೆಂಕಿ ಬಿದ್ದು ಆ ಲೇಔಟ್ ಬಹುಪಾಲು ನಾಶವಾಯಿತು. ಉಳಿದಿದ್ದು ಚಿತ್ರಗಳು. ಅವರು ವೃತ್ತಿಯಿಂದ ಫೋಟೊಗ್ರಾಫರ್. ಆ ಚಿತ್ರಗಳಲ್ಲಿ ಹಿಂದಿನ ಸಾಲಿನ ಕಟ್ಟಡ ಚಿಕ್ಕದಾಗುತ್ತಾ ಹೋಗೋದು ನೋಡಿಯೇ ನಾನೂ ಹಿಂಬದಿಯ ಗೋಡೆಗೆ ಅಂಟಿಕೊಂಡ, ನಾಲ್ಕೇ ಸೆಂಟಿಮೀಟರ್ ದಪ್ಪದ ಕಟ್ಟಡಗಳಿಗೆ ಎನ್ ಸ್ಕೇಲ್‌ನ, ಅಂದರೆ 1:160ರ ಕಿಟಕಿಗಳನ್ನು ಹಾಕಿದೆ. ಬಣ್ಣವನ್ನೂ ತಿಳಿ ಮಾಡಿದೆ. ಹತ್ತು ಸೆಂಟಿಮೀಟರ್ ಹಿಂದಿರುವ ಕಟ್ಟಡ ಅರ್ಧ ಕಿಲೋಮೀಟರ್ ದೂರ ಹೋದ ಹಾಗಾಯಿತು. ಮೊಬೈಲ್‌ನಲ್ಲಿ ಹಳಿಯ ಮಟ್ಟದಿಂದ ಚಿತ್ರ ತೆಗೆದು ನೋಡುವ ಅಭ್ಯಾಸವೂ ಆಗ ಬಂತು. ಕಣ್ಣು ಕ್ಷಮಿಸಿದ ಅಂಟಿನ ಹೊಳಪು, ಗೋಡೆ ಮತ್ತು ನೆಲದ ನಡುವಿನ ಸಂದು, ಎಲ್ಲಾ ಅದರಲ್ಲಿ ಸಿಕ್ಕಿಬೀಳುತ್ತೆ. ಆ ಸಂದು ಬೇಗ ಮುಚ್ಚಿ. ನೆಲದಿಂದ ತೇಲುವ ಕಟ್ಟಡಕ್ಕೆ ಎಷ್ಟು ಧೂಳು ಹಚ್ಚಿದರೂ ಅದು ಅಲ್ಲಿನದು ಅನ್ನಿಸಲ್ಲ.

ಈಗ ಸೈಲೊದ ಏಣಿ ಮಾಡುತ್ತಿದ್ದೇನೆ. ಏಣಿಯ ಸುತ್ತ ಇರುವ ಕಾಪಿನ ಬಳೆಗಳಿಗೆ ತೆಳು ತಾಮ್ರದ ತಂತಿಯನ್ನು 8 ಮಿಲಿಮೀಟರ್ ಸರಳಿಗೆ ಸುರುಳಿ ಸುತ್ತಿ, ಉದ್ದಕ್ಕೆ ಒಂದೇ ಗೆರೆಯಲ್ಲಿ ಕತ್ತರಿಸಿದರೆ ಒಂದೇ ಅಳತೆಯ ಬಳೆಗಳು ಒಟ್ಟಿಗೆ ಸಿಗುತ್ತವೆ. ಹದಿನಾಲ್ಕು ಬಳೆ ಕೂರಿಸಿದ್ದಾಗಿದೆ, ಇನ್ನೂ ಆರು ಬೇಕು. ಅದು ಮುಗಿದ ಮೇಲೆ ಏಣಿಯ ಮೆಟ್ಟಿಲುಗಳ ನಡುಭಾಗದ ಬಣ್ಣವನ್ನು ಸ್ವಲ್ಪ ಉಜ್ಜಿ ತೆಗೆಯಬೇಕು, ಆ ಏಣಿಯನ್ನು ದಿನಾ ಹತ್ತುವವರಿದ್ದಾರೆ.