ಗ್ರಾವೆಲ್ ಬೈಕ್‌ಗೆ ಎಷ್ಟು ದುಡ್ಡು? ಮೊದಲು ಚೀಟಿ, ಪೆನ್ನು ಹಿಡಿಯಿರಿ

ಗ್ರಾವೆಲ್ ಬೈಕ್ ಎಂದರೆ ಡಾಂಬರು, ಜಲ್ಲಿ, ಮಣ್ಣುದಾರಿ ಎಲ್ಲಕ್ಕೂ ಒಗ್ಗುವ, ಬಾಗಿದ ಹ್ಯಾಂಡಲ್‌ನ ಸೈಕಲ್. ಅದನ್ನು ಕೊಳ್ಳಲು ಅಂಗಡಿ ಮೆಟ್ಟಿಲು ಹತ್ತುವ ಮುಂಚೆ, ಒಟ್ಟು ಎಷ್ಟು ಖರ್ಚು ಮಾಡಬಲ್ಲಿರಿ ಎಂದು ಚೀಟಿಯಲ್ಲಿ ಬರೆದುಕೊಳ್ಳಿ. ಅದರಲ್ಲಿ ಹೆಲ್ಮೆಟ್, ಲೈಟು, ಪಂಪು, ಪಂಕ್ಚರ್ ಸಾಮಾನು ಕಳೆಯಿರಿ. ಪೆಡಲ್ಲನ್ನೂ ಕಳೆಯಿರಿ. ದುಬಾರಿ ಸೈಕಲ್‌ಗಳು ಹೆಚ್ಚಾಗಿ ಪೆಡಲ್ ಇಲ್ಲದೆಯೇ ಬರುತ್ತವೆ. ಇಷ್ಟು ಕೊಟ್ಟ ಮೇಲೂ ಪೆಡಲ್ ಇಲ್ಲವೇ ಎಂದು ಸಿಟ್ಟು ಬಂದರೆ ತಪ್ಪೇನಿಲ್ಲ. ಉಳಿದದ್ದಷ್ಟೇ ಸೈಕಲ್‌ನ ದುಡ್ಡು.

ಆಮೇಲೆ ನೀವು ವಾರವಾರ ಓಡಿಸುವ ದಾರಿಯನ್ನು ನೆನೆಯಿರಿ. ಕನಸಿನ ಸವಾರಿ ಸದ್ಯಕ್ಕೆ ಪಕ್ಕಕ್ಕಿರಲಿ. ಬಹುಪಾಲು ಡಾಂಬರು, ನಡುವೆ ಒಂದಿಷ್ಟು ಮಣ್ಣುದಾರಿ ಎಂದಾದರೆ 35–40 ಮಿ.ಮೀ. ಅಗಲದ ಟೈರ್ ಸಾಕು. ದಪ್ಪ ಜಲ್ಲಿ, ಕೊರಕಲು ಎಂದಾದರೆ 45 ಮಿ.ಮೀ. ಇಲ್ಲವೇ ಅದಕ್ಕೂ ಅಗಲದ ಟೈರ್ ಹಿಡಿಸುವ ಫ್ರೇಮ್ ಬೇಕು.

ದುಡ್ಡು ಎಲ್ಲಿ ಸುರಿಯಬೇಕು ಎಂಬುದಕ್ಕೆ ನನ್ನದೊಂದೇ ಲೆಕ್ಕ: ಮುಂದೆ ಬದಲಿಸಲಾಗದ್ದಕ್ಕೆ ಧಾರಾಳ, ಬದಲಿಸಬಹುದಾದ್ದಕ್ಕೆ ಬಿಗಿ ಮುಷ್ಟಿ. ಫ್ರೇಮ್‌ನ ಅಳತೆ, ಅದರಲ್ಲಿ ಟೈರ್‌ಗಿರುವ ಜಾಗ ಇವೆರಡೂ ಕೊಂಡಂತೆಯೇ ಕೊನೆತನಕ. ಟೈರ್, ಸೀಟು, ಚಕ್ರಗಳು ಮುಂದೆ ಕೈಯಲ್ಲಿ ಕಾಸಿದ್ದಾಗ ಬದಲಾಗಲಿ. ಕಾರ್ಬನ್ ಫ್ರೇಮ್ ಹಗುರ, ನಿಜ. ಆದರೆ ಅಲ್ಯೂಮಿನಿಯಂ ಸೈಕಲ್‌ಗೇ ಅಗಲದ ಟೈರ್ ಹಾಕಿ ಗಾಳಿ ಸ್ವಲ್ಪ ಇಳಿಸಿ ನೋಡಿ: ಜಲ್ಲಿಯ ಮೇಲೆ ಅಂಗೈಗೆ ಬಡಿಯುತ್ತಿದ್ದ ನಡುಕ ಅರ್ಧ ಅಲ್ಲೇ ಅಡಗುತ್ತದೆ.

ಬ್ರೇಕ್ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಕೇಬಲ್‌ನ ಡಿಸ್ಕ್ ಬ್ರೇಕ್ ಇರುವ ಸೈಕಲ್ ಅಗ್ಗ. ನಾಳೆ ಅದನ್ನೇ ಹೈಡ್ರಾಲಿಕ್ (ಕೇಬಲ್ ಬದಲು ದ್ರವದ ಒತ್ತಡದಿಂದ ಹಿಡಿಯುವ ಬ್ರೇಕ್) ಮಾಡಿಸಹೋದರೆ, ಈ ಬಾಗಿದ ಹ್ಯಾಂಡಲ್‌ನಲ್ಲಿ ಗೇರ್ ಮತ್ತು ಬ್ರೇಕ್ ಒಂದೇ ಲಿವರ್‌ನಲ್ಲಿರುವುದರಿಂದ, ಸಾಮಾನ್ಯವಾಗಿ ಎರಡೂ ಲಿವರ್ ಹೊಸದೇ ಬೇಕು. ಆ ಬಿಲ್ಲು ನೋಡಿದವರು ಮೊದಲೇ ಕೊಟ್ಟಿದ್ದರೆ ಚೆನ್ನಿತ್ತು ಅನ್ನುತ್ತಾರೆ.

ಗೇರ್‌ನಲ್ಲಿ ಹೆಸರಿನ ಬೆನ್ನು ಹತ್ತಬೇಡಿ. ಸೈಕಲ್ ಬಿಡಿಭಾಗ ಮಾಡುವ ಶಿಮಾನೊ ಕಂಪನಿ 2019ರಲ್ಲಿ ಗ್ರಾವೆಲ್‌ಗೆಂದೇ ಜಿಆರ್‌ಎಕ್ಸ್ ಎಂಬ ಗೇರ್ ಸಾಲು ತಂದಾಗ ಅದರ 600, ಅದಕ್ಕಿಂತ ಮೇಲಿನ ದರ್ಜೆಯ 800 ಎರಡಕ್ಕೂ ಹಿಂದಿನ ಗಾಲಿಯಲ್ಲಿ 11 ಹಲ್ಲುಚಕ್ರವೇ ಇತ್ತು. ಮೇಲಿನದಕ್ಕೆ ಕೊಡುವ ಹೆಚ್ಚಿನ ದುಡ್ಡಲ್ಲಿ ದೊಡ್ಡ ಪಾಲು ತೂಕಕ್ಕೆ, ನಯಕ್ಕೆ. ಏರು ಹತ್ತಬೇಕಾದವರು ಹಿಂದಿನ ಅತಿ ದೊಡ್ಡ ಹಲ್ಲುಚಕ್ರದ ಹಲ್ಲು, ಪೆಡಲ್ ಬಳಿಯ ಮುಂದಿನ ಚಿಕ್ಕ ಹಲ್ಲುಚಕ್ರದ್ದಕ್ಕೆ ಸಮವೋ ಹೆಚ್ಚೋ ಇದೆಯೇ ಎಂದು ಎಣಿಸಲಿ.

ಮೊತ್ತ ಸಾಲದಿದ್ದರೆ ಸೆಕೆಂಡ್ ಹ್ಯಾಂಡ್ ನೋಡಿ, ಸ್ಕೇಲ್ ಜೇಬಲ್ಲಿರಲಿ. ಚೈನ್‌ನ ಒಂದು ಪಿನ್ ಮೇಲೆ ಸೊನ್ನೆ ಇಟ್ಟು ಅಳೆಯಿರಿ. ಹೊಸ ಚೈನ್ ಆದರೆ ಅದರಿಂದಾಚೆಗಿನ 24ನೇ ಪಿನ್ ಸರಿಯಾಗಿ 12 ಇಂಚಿಗೆ ಬರುತ್ತದೆ. ಅದು 12 ಇಂಚಿನ ಗೆರೆಯಿಂದ 1.5 ಮಿ.ಮೀ.ಗಿಂತ ಮುಂದೆ ಹೋಗಿದ್ದರೆ ಚೈನ್ ಮುಗಿಯಿತು, ಹಿಂದಿನ ಹಲ್ಲುಚಕ್ರಗಳೂ ಸವೆದಿರಬಹುದು. ಎರಡರ ಬೆಲೆಯನ್ನೂ ಮಾರುವವರ ಎದುರೇ ಕಳೆಯಿರಿ.