ಬೇಸ್ ಗಿಟಾರ್‌ಗೆ ಓವರ್‌ಡ್ರೈವ್: ತಳ ಉಳಿಸಿಕೊಂಡು ಖಾರ ಹಾಕುವ ಬಗೆ

ಬೆಳಗಾವಿಯ ಗಣೇಶೋತ್ಸವದ ಪೆಂಡಾಲ್ ಇರಲಿ, ಬಾಗಲಕೋಟೆಯ ಕಾಲೇಜು ಗ್ಯಾದರಿಂಗ್ ಇರಲಿ, ಬೇಸ್ ನುಡಿಸುವವರು ಓವರ್‌ಡ್ರೈವ್ ಪೆಡಲ್ (ಸದ್ದನ್ನು ಒರಟಾಗಿಸುವ, ಕಾಲಿನಿಂದ ಒತ್ತುವ ಪೆಟ್ಟಿಗೆ) ಒತ್ತಿದ ಕೂಡಲೇ ಹಾಡಿನ ತಳ ಕುಸಿಯುವುದು ಹೊಸದೇನಲ್ಲ. ಕರಕರ ಸದ್ದು ಮುಂದೆ ಬರುತ್ತದೆ, ಎದೆಗೆ ತಾಗುವ ಗುಂಯ್ ಮಾಯವಾಗುತ್ತದೆ. ಮಿಕ್ಸರ್ ಮುಂದೆ ಕುಳಿತವರು "ಬೇಸ್ ಎಲ್ಲಿ ಹೋತ್ರೀ?" ಎಂದು ಕೇಳುತ್ತಾರೆ. ಹೆಚ್ಚಿನ ಸಲ ಕಾರಣ ಎರಡೇ: ಲೀಡ್ ಗಿಟಾರ್‌ಗೆಂದು ಮಾಡಿದ ಪೆಡಲ್, ಇಲ್ಲವೇ ಮಿತಿಮೀರಿದ ಗೇನ್, ಅಂದರೆ ಪೆಡಲ್ ಒಳಗೆ ಸದ್ದನ್ನು ಹಿಗ್ಗಿಸುವ ಪ್ರಮಾಣ.

ನಾಲ್ಕು ತಂತಿಯ ಬೇಸ್‌ನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಪೆಡಲ್ ಆ ಅಲೆಯ ನೆತ್ತಿಯನ್ನು ಸವರಿ ಚಪ್ಪಟೆ ಮಾಡಿದಾಗ 82, 123, 164 ಹರ್ಟ್ಸ್ ಹೀಗೆ ಮೇಲಿನ ಸ್ವರಗಳು ಬಲಗೊಳ್ಳುತ್ತವೆ. ತಂಬೂರಿಯ ಕುದುರೆಯ ಮೇಲೆ ತಂತಿಯಡಿ ದಾರ ಸರಿಸಿದಾಗ ಜವಾರಿ ತೆರೆದುಕೊಳ್ಳುತ್ತದಲ್ಲ, ಕಿವಿಗೆ ಆಗುವ ಲಾಭ ಅದೇ ಬಗೆಯದು. ಮೊಬೈಲಿನ ಪುಟ್ಟ ಸ್ಪೀಕರ್ 41 ಹರ್ಟ್ಸ್ ಹೊರಡಿಸಲಾರದು. ಆದರೆ ಮೇಲಿನ ಸ್ವರಗಳು ಕೇಳಿದರೆ ಸಾಕು, ಬೇಸ್ ಏನು ನುಡಿಸುತ್ತಿದೆ ಎಂಬುದು ತಿಳಿಯುತ್ತದೆ.

ಪೆಡಲ್ ಕೊಳ್ಳುವಾಗ ಬ್ಲೆಂಡ್ ಗುಂಡಿ ಇದೆಯೇ ನೋಡಿ. ಕ್ಲೀನ್ ಸದ್ದನ್ನೂ ಒರಟು ಸದ್ದನ್ನೂ ಬೇಕಾದಷ್ಟು ಬೆರೆಸುವ ಗುಂಡಿ ಅದು. ಬಾಸ್ ಕಂಪನಿಯ ಓಡಿಬಿ-3 ಪೆಡಲ್‌ನಲ್ಲಿ ಅದರ ಹೆಸರು ಬ್ಯಾಲೆನ್ಸ್. ಟೆಕ್ 21 ಸ್ಯಾನ್ಸ್‌ಆ್ಯಂಪ್ ಬೇಸ್ ಡ್ರೈವರ್, ಡಾರ್ಕ್‌ಗ್ಲಾಸ್ ಬಿ3ಕೆಗಳಲ್ಲಿ ಬ್ಲೆಂಡ್. ಐಬನೇಜ್ ಟ್ಯೂಬ್ ಸ್ಕ್ರೀಮರ್‌ನಂಥ ಗಿಟಾರ್ ಪೆಡಲ್ ಸುಮಾರು 720 ಹರ್ಟ್ಸ್‌ಗಿಂತ ಕೆಳಗಿನದನ್ನು ಅಷ್ಟಾಗಿ ಏರಿಸುವುದಿಲ್ಲ. ಬೇಸ್‌ನ ಜೀವವಿರುವುದೇ ಅಲ್ಲಿ.

ಜೋಡಿಸುವ ಕ್ರಮ: ಬೇಸ್, ಟ್ಯೂನರ್, ಕಂಪ್ರೆಸರ್ (ಸದ್ದಿನ ಏರಿಳಿತ ತಗ್ಗಿಸುವ ಪೆಡಲ್), ಓವರ್‌ಡ್ರೈವ್, ಕೊನೆಗೆ ಆ್ಯಂಪ್ ಅಥವಾ ಡಿಐ ಬಾಕ್ಸ್ (ವಾದ್ಯದ ಸಿಗ್ನಲ್ಲನ್ನು ಮಿಕ್ಸರ್‌ಗೆ ಹೊಂದುವಂತೆ ಕಳಿಸುವ ಪೆಟ್ಟಿಗೆ). ಹಳೆಯ ಮಾದರಿಯ ಫಝ್ (ಇನ್ನೂ ಒರಟು ಸದ್ದಿನ ಪೆಡಲ್) ಇದ್ದರೆ ಅದನ್ನು ಎಲ್ಲಕ್ಕಿಂತ ಮೊದಲು ಇಡಿ. ಬೇಸ್‌ಗೂ ಫಝ್‌ಗೂ ನಡುವೆ ಬಫರ್ (ಕೆಲವು ಪೆಡಲ್‌ಗಳೊಳಗಿರುವ, ಸಿಗ್ನಲ್ ಬಲ ಕಾಯುವ ಸರ್ಕ್ಯೂಟ್) ಬಂದರೆ ಅದರ ಸದ್ದು ಮೊನಚಾಗುತ್ತದೆ.

ಈಗ ಹೊಂದಿಸುವುದು. ಮೊದಲು ಪೆಡಲ್ ಆಫ್ ಇಟ್ಟು ಆ್ಯಂಪ್‌ನಲ್ಲಿ ಕ್ಲೀನ್ ಸದ್ದು ಸರಿಮಾಡಿ. ಬಳಿಕ ಪೆಡಲ್ ಆನ್ ಮಾಡಿ, ಬ್ಲೆಂಡನ್ನು ಪೂರ್ತಿ ಒರಟಿನ ಕಡೆ ತಿರುಗಿಸಿ, ಗೇನ್ ಗುಂಡಿಯನ್ನು ಗಡಿಯಾರದ ಒಂಬತ್ತು ಗಂಟೆಯ ಜಾಗದಲ್ಲಿಡಿ. ಮೆಲ್ಲಗೆ ಮೀಟಿದರೆ ಸದ್ದು ಹೆಚ್ಚುಕಡಿಮೆ ಸಾಫಾಗಿರಬೇಕು, ಜೋರಾಗಿ ಮೀಟಿದರೆ ಗುರ್ ಎನ್ನಬೇಕು. ಅಲ್ಲಿಯವರೆಗೆ ಮಾತ್ರ ಗೇನ್ ಏರಿಸಿ. ಟೋನ್ ಗುಂಡಿಯನ್ನು ಪೂರ್ತಿ ಇಳಿಸಿ, ಬೆರಳಿನ ಏಟು ಕೇಳುವಷ್ಟು ಮಾತ್ರ ಮೇಲೆ ತನ್ನಿ. ಇಷ್ಟಾದ ಮೇಲೆ ಬ್ಲೆಂಡನ್ನು ಕ್ಲೀನ್ ಕಡೆಗೆ ತಂದು ಡ್ರಮ್ಸ್ ಜೊತೆ ನುಡಿಸುತ್ತ ನಿಧಾನಕ್ಕೆ ಒರಟನ್ನು ಬೆರೆಸಿ. ಕಿಕ್ ಡ್ರಮ್ ಜೊತೆಗಿನ ತೂಕ ಇಳಿಯಿತೆನಿಸಿದ ಕಡೆಯಿಂದ ತುಸು ಹಿಂದೆ ಬನ್ನಿ. ಕೊನೆಗೆ ಲೆವೆಲ್: ಪೆಡಲ್ ಆನ್ ಆದರೂ ಆಫ್ ಆದರೂ ಸದ್ದಿನ ಪ್ರಮಾಣ ಒಂದೇ ಇರಲಿ. ಒಬ್ಬರೇ ಕೂತು ಕೇಳಿದಾಗ ಖಾರ ಹೆಚ್ಚಾಯಿತು ಅನ್ನಿಸಿದ ಸದ್ದು ತಂಡದ ನಡುವೆ ಹದವಾಗಿ ಕೂರುವುದುಂಟು. ಆದ್ದರಿಂದ ಕೊನೆಯ ತೀರ್ಮಾನ ರಿಹರ್ಸಲ್‌ನಲ್ಲೇ ಆಗಬೇಕು.

ಪೆಡಲ್‌ನಲ್ಲೇ ಬ್ಲೆಂಡ್ ಇಲ್ಲದೆ, ಪ್ರತ್ಯೇಕ ಬ್ಲೆಂಡರ್ ಪೆಡಲ್‌ನಿಂದ ಬೆರೆಸುವವರಿಗೆ ಒಂದು ತೊಡಕು ಎದುರಾಗಬಹುದು. ಎರಡು ಸದ್ದು ಬೇರೆಬೇರೆಯಾಗಿ ದಪ್ಪಗಿದ್ದು, ಕೂಡಿಸಿದಾಗ ತೆಳ್ಳಗಾದರೆ ಹೆಚ್ಚಾಗಿ ಒಂದರ ಅಲೆ ತಲೆಕೆಳಗಾಗಿದೆ ಎಂದು ಅರ್ಥ. ಆಗ ಬ್ಲೆಂಡರ್‌ನಲ್ಲಿ ಅಲೆಯನ್ನು ತಿರುಗಿಸುವ ಫೇಸ್ ಸ್ವಿಚ್ ಬದಲಿಸಿದರೆ ತಳ ಮರಳುತ್ತದೆ.

ಗೇನ್ ಹೆಚ್ಚಿದ್ದಾಗ ಒಂದೊಂದೇ ಸ್ವರ ನುಡಿಸಿ. ಷಡ್ಜ-ಪಂಚಮ ಜೋಡಿ ತಕ್ಕಮಟ್ಟಿಗೆ ನಿಲ್ಲುತ್ತದೆ. ಷಡ್ಜ-ಗಾಂಧಾರ ಕೂಡಿಸಿದರೆ ದಪ್ಪ ತಂತಿಗಳ ಮೇಲೆ ಕೆಸರಾಗುತ್ತದೆ. ನುಡಿಸದ ತಂತಿಗಳನ್ನು ಬೆರಳಿನಿಂದ ಅದುಮಿ ಹಿಡಿಯಿರಿ, ಅವುಗಳ ಅನುರಣನವನ್ನೂ ಪೆಡಲ್ ಎತ್ತಿ ತೋರಿಸುತ್ತದೆ.

ವೇದಿಕೆಯಲ್ಲಿ ಪೆಡಲ್ ನೇರವಾಗಿ ಮೈಕ್‌ಸೆಟ್‌ಗೆ ಹೋದರೆ ಜೇನುಹುಳ ಗುಂಯ್‌ಗುಟ್ಟಿದಂತೆ ಕೇಳಬಹುದು. ಬೇಸ್ ಕ್ಯಾಬಿನೆಟ್‌ನ ದೊಡ್ಡ ಸ್ಪೀಕರ್ ತಾನಾಗಿಯೇ ತಡೆಯುತ್ತಿದ್ದ ಮೇಲಿನ ಸದ್ದನ್ನೆಲ್ಲ ಮೈಕ್‌ಸೆಟ್ ಸ್ಪೀಕರ್‌ನ ಹಾರ್ನ್ (ತೀಕ್ಷ್ಣ ಸ್ವರಗಳ ಭಾಗ) ಹೊರಡಿಸುವುದರಿಂದ ಹೀಗಾಗುತ್ತದೆ. ಮಿಕ್ಸರ್‌ನವರಿಗೆ 4-5 ಕಿಲೋಹರ್ಟ್ಸ್ ಮೇಲಿನದನ್ನು ಕಡಿತಗೊಳಿಸಲು ಹೇಳಿ.

ಅಡಾಪ್ಟರ್ ವಿಷಯದಲ್ಲಿ ಅವಸರ ಬೇಡ. ಈ ಬಗೆಯ ಪೆಡಲ್‌ಗಳಲ್ಲಿ ಹೆಚ್ಚಿನವು 9 ವೋಲ್ಟಿನವು, ಪಿನ್ನಿನ ಒಳಭಾಗ ಮೈನಸ್. ಮನೆಯ ವೈಫೈ ರೂಟರ್‌ನ ಅಡಾಪ್ಟರ್ ಸಾಮಾನ್ಯವಾಗಿ ಒಳಗೆ ಪ್ಲಸ್. ಹಲವು 12 ವೋಲ್ಟಿನವು ಬೇರೆ. ಪಿನ್ ಸರಿಯಾಗಿ ಕೂರುತ್ತದೆ, ಪೆಡಲ್ ಸುಟ್ಟುಹೋಗಬಹುದು. ಅಡಾಪ್ಟರ್ ಮೇಲಿನ ಪುಟ್ಟ ವೃತ್ತದ ಚಿತ್ರದಲ್ಲಿ ನಡುವಿನ ಚುಕ್ಕೆಗೆ ಸೇರಿದ ಚಿಹ್ನೆ ಮೈನಸ್ ಆಗಿದೆಯೇ ನೋಡಿ. ಮಿಲಿಆಂಪ್ ಅಂಕಿ ಪೆಡಲ್ ಕೇಳುವುದಕ್ಕಿಂತ ಹೆಚ್ಚಿದ್ದರೆ ತೊಂದರೆಯಿಲ್ಲ, ಕಡಿಮೆ ಇರಬಾರದು.

ಜನರೇಟರ್ ಮೇಲೆ ಕಾರ್ಯಕ್ರಮ ನಡೆದಾಗ ಗುಂಯ್ ಎಂಬ ಹಮ್ ಬಂದರೆ ಗೇನ್ ಅದನ್ನು ಇನ್ನೂ ದೊಡ್ಡದು ಮಾಡಿ ಕೇಳಿಸುತ್ತದೆ. ಆಗ ಡಿಐ ಬಾಕ್ಸ್‌ನ ಗ್ರೌಂಡ್ ಲಿಫ್ಟ್ (ಸಿಗ್ನಲ್ ಕೇಬಲ್ಲಿನ ಗ್ರೌಂಡ್ ಕೊಂಡಿ ಬಿಡಿಸುವ ಸ್ವಿಚ್) ಒತ್ತಿ ನೋಡಿ. ಹಮ್ ನಿಲ್ಲಿಸಲೆಂದು ಆ್ಯಂಪ್ ಪ್ಲಗ್ಗಿನ ಮೂರನೇ ಪಿನ್ ಮುರಿಯುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅರ್ಥಿಂಗ್ ಇಲ್ಲದ ಆ್ಯಂಪ್‌ನೊಳಗೆ ವೈರ್ ಕಳಚಿದರೆ ತಂತಿ ಹಿಡಿದ ಕೈಗೆ, ಮೈಕಿಗೆ ತಾಗಿದ ತುಟಿಗೆ ಕರೆಂಟ್ ಹೊಡೆಯುತ್ತದೆ.