ಕಟ್ಟಿಗೆಯ ವಿಮಾನ, ಮಸಾರಿ ಮಣ್ಣಿನ ದ್ರಾಕ್ಷಿ

ಕೊಪ್ಪಳದ ಹತ್ತಿರ ನಮ್ಮದು ಮೂರು ಎಕರೆ ದ್ರಾಕ್ಷಿ ತೋಟ. ಮಗಳು, ಅಳಿಯ ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿದ್ದಾರೆ. ಹೋದ ಸೆಪ್ಟೆಂಬರ್‌ನಲ್ಲಿ ನಾನೂ ಮನೆಯವಳೂ ಅಲ್ಲಿಗೆ ಹೋಗಿದ್ದೆವು. ಎಲ್ಲಿಗೆ ಕರೆದುಕೊಂಡು ಹೋಗಲಿ ಅಂತ ಮಗಳು ಕೇಳಿದಾಗ ನಾನು ಹೇಳಿದ್ದು ಒಂದೇ: ಅಲ್ಲಿನ ದ್ರಾಕ್ಷಿ ನೋಡಬೇಕು.

ಪೋರ್ಟ್‌ಲ್ಯಾಂಡ್‌ನಿಂದ ಸಮುದ್ರದ ಕಡೆ ಹೋಗುವ ದಾರಿಯಲ್ಲೇ ವಿಲ್ಯಾಮೆಟ್ ಕಣಿವೆ ಇದೆ. ವೈನ್ ದ್ರಾಕ್ಷಿಗೆ ಹೆಸರಾದ ಜಾಗ. ಮೊದಲು ಡಂಡಿ ಗುಡ್ಡಗಳು ಬರುತ್ತವೆ. ಸ್ವಲ್ಪ ಮುಂದೆ ಮ್ಯಾಕ್‌ಮಿನ್‌ವಿಲ್ ಊರಿನ ಹೊರಗೆ, ಹೆದ್ದಾರಿ ಪಕ್ಕದಲ್ಲೇ ಎವರ್‌ಗ್ರೀನ್ ವಿಮಾನ ಮ್ಯೂಸಿಯಂ. ಮೊದಲ ಸಲ ತೋಟ ಮೊದಲು ಸಿಗುತ್ತದಲ್ವಾ ಅಂತ ಅಲ್ಲೇ ಇಳಿದೆವು. ಸಾಲಿನಿಂದ ಸಾಲಿಗೆ ನಡೆಯುತ್ತಾ ನನಗೆ ಹೊತ್ತು ಹೋಗಿದ್ದೇ ಗೊತ್ತಾಗಲಿಲ್ಲ. ಮ್ಯೂಸಿಯಂಗೆ ಹೋಗುವಷ್ಟರಲ್ಲಿ ಬಾಗಿಲು ಹಾಕುವ ಹೊತ್ತಾಗಿತ್ತು. ಮುಂದಿನ ವಾರ ಮತ್ತೆ ಹೋದೆವು. ಈ ಸಲ ಬೆಳಿಗ್ಗೆಯೇ ನೇರ ಮ್ಯೂಸಿಯಂ, ಊಟ ಮುಗಿಸಿ ವಾಪಸ್ ಬರುವಾಗ ತೋಟ. ನೀವು ಹೋದರೂ ಹೀಗೇ ಮಾಡಿ. ವೈನ್ ರುಚಿ ನೋಡದವರು ಒಬ್ಬರು ಗಾಡಿ ಓಡಿಸಲು ಇರಲೇಬೇಕು. ನಮಗೆ ಮಗಳು ಇದ್ದಳು.

ಮ್ಯೂಸಿಯಂ ಒಳಗೆ ಕಾಲಿಟ್ಟ ಕೂಡಲೇ ಎದುರಿಗೇ ಒಂದು ಭಾರೀ ವಿಮಾನ. ಮಗಳು, "ಅಪ್ಪಾ, ಇದು ಕಟ್ಟಿಗಿ ವಿಮಾನ" ಅಂದಳು. ನಾನು ನಂಬಲಿಲ್ಲ. ಒಂದು ರೆಕ್ಕೆಯ ತುದಿಯಿಂದ ಇನ್ನೊಂದರ ತುದಿಗೆ ಸುಮಾರು 97 ಮೀಟರ್. ಎಂಜಿನ್ ಎಂಟು. ಎರಡನೇ ಮಹಾಯುದ್ಧದಲ್ಲಿ ಅಲ್ಯೂಮಿನಿಯಂ ಸಿಗುವುದು ಕಷ್ಟವಾಗಿತ್ತು, ಅದಕ್ಕೇ ಅಮೆರಿಕದ ಶ್ರೀಮಂತ ಉದ್ಯಮಿ ಹೋವರ್ಡ್ ಹ್ಯೂಸ್ ಇದನ್ನು ಮರದಲ್ಲಿ ಕಟ್ಟಿಸಿದ. ನೀರಿನ ಮೇಲಿಂದಲೇ ಏಳುವ ವಿಮಾನ ಇದು. 750 ಸೈನಿಕರನ್ನು ಹೊತ್ತು ಸಾಗರ ದಾಟಬೇಕಿತ್ತು. ಆದರೆ ಇದು ಮುಗಿಯುವಷ್ಟರಲ್ಲಿ ಯುದ್ಧವೇ ಮುಗಿದಿತ್ತು. 1947ರ ನವೆಂಬರ್ 2ರಂದು ಹ್ಯೂಸ್ ತಾನೇ ಓಡಿಸಿ, ನೀರಿನಿಂದ 20 ಮೀಟರ್‌ನಷ್ಟು ಮೇಲೆ, ಸುಮಾರು ಒಂದು ಮೈಲಿ ಹಾರಿಸಿದ. ಅದೇ ಮೊದಲು, ಅದೇ ಕೊನೆ. ಜನ ಇದನ್ನು ಸ್ಪ್ರೂಸ್ ಗೂಸ್ ಅಂತ ಕರೆಯುತ್ತಾರೆ, ಆದರೆ ಹೆಚ್ಚಿನ ಭಾಗ ಸ್ಪ್ರೂಸ್ ಅಲ್ಲ, ಬರ್ಚ್ ಮರ. ಹೊಟ್ಟೆಯ ಕೆಳಗೆ ನಿಂತು ಮೇಲೆ ನೋಡಿದೆ. ಎಲ್ಲೂ ಮರದ ಎಳೆ ಕಾಣುವುದಿಲ್ಲ, ಅಷ್ಟು ನುಣುಪು. ನನಗೆ ನಮ್ಮ ಕಿನ್ನಾಳದ ಗೊಂಬೆಗಳೇ ನೆನಪಾದವು. ಅಲ್ಲೂ ಹಗುರ ಕಟ್ಟಿಗೆ, ಅಂಟು, ಮೇಲೆ ಬಣ್ಣ. ಮುಗಿದ ಮೇಲೆ ಮರ ಅಂತ ಹೇಳಲು ಬರುವುದಿಲ್ಲ. ಪಕ್ಕದ ಕಟ್ಟಡದಲ್ಲಿ ಎಸ್‌ಆರ್-71 ಎನ್ನುವ ಕಪ್ಪು ಬೇಹುಗಾರಿಕೆ ವಿಮಾನವೂ ಇದೆ. ಅಳಿಯ ಅದರ ಮುಂದೆಯೇ ಜಾಸ್ತಿ ಹೊತ್ತು ನಿಂತ.

ಮಧ್ಯಾಹ್ನ ಡಂಡಿ ಗುಡ್ಡದಲ್ಲಿ ಕಾರಿನಿಂದ ಇಳಿದವನೇ ಒಂದು ಹಿಡಿ ಮಣ್ಣು ತೆಗೆದುಕೊಂಡೆ. ಕೆಂಪು, ನಮ್ಮ ಮಸಾರಿ ಭೂಮಿಯದೇ ಬಣ್ಣ! ಜ್ವಾಲಾಮುಖಿ ಕಲ್ಲಿನಿಂದ ಆದ ಮಣ್ಣಂತೆ, ಜೋರಿ ಅಂತ ಹೆಸರು. ಅಲ್ಲಿ ಬೆಳೆಯುವುದು ಹೆಚ್ಚಾಗಿ ಪಿನೋ ನ್ವಾರ್ ಎನ್ನುವ ಕಪ್ಪು ವೈನ್ ದ್ರಾಕ್ಷಿ. 1960ರ ದಶಕದಲ್ಲಿ ಡೇವಿಡ್ ಲೆಟ್ ಎಂಬಾತ ಈ ಕಣಿವೆಯಲ್ಲಿ ಮೊದಲು ನೆಟ್ಟ. ಗೊಂಚಲು ನನ್ನ ಮುಷ್ಟಿಯೊಳಗೆ ಹಿಡಿಸಿತು. ನಮ್ಮ ಥಾಮ್ಸನ್ ತಳಿಯ ಬೀಜವಿಲ್ಲದ ದ್ರಾಕ್ಷಿ ಗೊಂಚಲಿನ ಮುಂದೆ ಮಗುವಿನ ಹಾಗೆ. ಒಂದು ಕಾಳು ಬಾಯಿಗೆ ಹಾಕಿಕೊಂಡೆ. ಸಿಪ್ಪೆ ಒಗರು, ಬೀಜ ಇದೆ, ಸಿಹಿ ಮಾತ್ರ ಬಲು ಜೋರು.

ನನಗೆ ಆಶ್ಚರ್ಯ ಆಗಿದ್ದು ನೀರಿನ ವಿಷಯ. ಅನೇಕ ತೋಟಗಳಿಗೆ ಡ್ರಿಪ್ಪೇ ಇಲ್ಲ. ಚಳಿಗಾಲದ ಮಳೆಯನ್ನು ಮಣ್ಣು ಹಿಡಿದಿಟ್ಟುಕೊಳ್ಳುತ್ತದೆ, ಬೇಸಿಗೆಯಲ್ಲಿ ಬಳ್ಳಿ ಅದನ್ನೇ ಕುಡಿಯುತ್ತದೆ. ಇಲ್ಲಿ ಎರಡು ದಿನ ಕರೆಂಟ್ ಹೋದರೆ ನನಗೆ ನಿದ್ದೆ ಬರುವುದಿಲ್ಲ. ಚಾಟ್ನಿಯೂ, ಅಂದರೆ ಬಳ್ಳಿಯ ಕಡ್ಡಿ ಕತ್ತರಿಸುವುದೂ, ವರ್ಷಕ್ಕೆ ಒಂದೇ ಸಲ, ಚಳಿಗೆ ಎಲೆ ಉದುರಿ ಬಳ್ಳಿ ಮಲಗಿದಾಗ. ನಮ್ಮಲ್ಲಿ ಅಂಥ ಚಳಿ ಎಲ್ಲಿ? ಬಳ್ಳಿ ಮಲಗುವುದೇ ಇಲ್ಲ, ಅದಕ್ಕೇ ಏಪ್ರಿಲ್‌ಗೊಂದು, ಅಕ್ಟೋಬರ್‌ಗೊಂದು ಚಾಟ್ನಿ.

ಊರಿಗೆ ಬಂದ ಮೇಲೆ ಕಿನ್ನಾಳದಲ್ಲಿ ಗೊಂಬೆ ಮಾಡುವ ಗೆಳೆಯನಿಗೆ ಫೋಟೋ ತೋರಿಸಿದೆ. ಅವನು ಕೇಳಿದ ಮೊದಲ ಮಾತು, "ಅಂಟು ಯಾವುದೋ?" ಅಂತ. ತೆಳು ಪದರಗಳಿಗೆ ರಾಳ ಸೇರಿಸಿ, ಬಿಸಿ ಮಾಡಿ ಒತ್ತಿ ಕೂಡಿಸಿದ್ದು ಅಂದೆ. ಹುಣಸೆ ಬೀಜದ ಅಂಟು ಮೆತ್ತಿದ್ದ ಬೆರಳನ್ನು ಒರೆಸಿಕೊಂಡು, ಫೋನ್ ಇಸಿದುಕೊಂಡು, ಬಾಲದ ಫೋಟೋವನ್ನು ದೊಡ್ಡದು ಮಾಡಿ ನೋಡುತ್ತಾ ಕೂತ.